ಸ್ಪಿರಿಟ್ ಸುರಿದದ್ದು ಯಾವಾಗ? ಯುರೋಪಿನ ಸಿಹಿ ವೈನ್‌ಗಳ ಬಗ್ಗೆ ಒಂದು ಮಾತುಕತೆ

ಪೋರ್ಟ್ ವೈನ್ ಅಂದ ತಕ್ಷಣ ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಗೋವಾ ನೆನಪಾಗಿರುತ್ತದೆ. ಪ್ರವಾಸ ಮುಗಿಸಿ ಬರುವಾಗ ಬ್ಯಾಗಿನೊಳಗೆ ಬಟ್ಟೆ ಸುತ್ತಿ ತಂದ ಬಾಟಲಿ. ಕೆಂಪಗೆ, ಸಿಹಿಯಾಗಿ, ಜೇಬಿಗೆ ಭಾರವಿಲ್ಲದ್ದು. ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಆ ರುಚಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಪೋರ್ಚುಗಲ್‌ನ ಪೋರ್ಟ್ ಮುಂದೆ ಕೂತರೆ ಗಲಿಬಿಲಿಯಾಗುತ್ತದೆ. ಇನ್ನು ಕೆಲವರು ಅದೇ ನೆನಪಿನಿಂದ "ಸಿಹಿ ವೈನಾ? ಬೇಡಪ್ಪ" ಅಂತ ದೂರವೇ ಇಡುತ್ತಾರೆ. ಡ್ರೈ, ಅಂದರೆ ಸಿಹಿಯಿಲ್ಲದ, ವೈನ್ ಕುಡಿಯುವವರೇ ತಿಳಿದವರು ಅನ್ನೋ ಒಂದು ಜಂಬ ಕೂಡ ನಮ್ಮ ವೈನ್ ಬಳಗಗಳಲ್ಲಿ ಇದೆ, ಸುಳ್ಳು ಹೇಳುವುದು ಬೇಡ.

ಪೋರ್ಟ್, ಶೆರ್ರಿ, ಮಡೀರಾ, ಮಾರ್ಸಾಲಾ, ಬನ್ಯೂಲ್ಸ್. ಇವೆಲ್ಲ ಸ್ಪಿರಿಟ್, ಅಂದರೆ ಬ್ರಾಂಡಿಯಂತೆ ಭಟ್ಟಿ ಇಳಿಸಿದ ಗಟ್ಟಿ ಆಲ್ಕೋಹಾಲ್, ಸೇರಿಸಿ ಮಾಡುವ ವೈನ್‌ಗಳು. ಹೆಸರುಗಳು ಜಾಸ್ತಿ, ಒಂದೊಂದರ ಒಳಗೂ ಮತ್ತೆ ಐದಾರು ಬಗೆ. ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗಬೇಡಿ. ಯಾವ ಬಾಟಲಿ ಕೈಗೆ ಬಂದರೂ ಎರಡೇ ಪ್ರಶ್ನೆ ಕೇಳಿ. ಒಂದು, ಸ್ಪಿರಿಟ್ ಸುರಿದದ್ದು ಯಾವಾಗ? ಎರಡು, ಆಮೇಲೆ ಅದನ್ನು ಗಾಳಿಗೆ ಬಿಟ್ಟರಾ ಅಥವಾ ಮುಚ್ಚಿಟ್ಟರಾ? ಮೊದಲನೆಯದು ಸಿಹಿ ಎಲ್ಲಿಂದ ಬಂತು ಅಂತ ಹೇಳುತ್ತದೆ. ಎರಡನೆಯದು ಬಣ್ಣ, ಪರಿಮಳ, ತೆರೆದ ಮೇಲೆ ಎಷ್ಟು ದಿನ ಇಡಬಹುದು, ಇವೆಲ್ಲವನ್ನೂ ಹೇಳುತ್ತದೆ.

ಮೊದಲು ಸ್ಪಿರಿಟ್ ವಿಷಯ. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇಕಡಾ 1 ಆಲ್ಕೋಹಾಲ್ ಬರುತ್ತದೆ. ಯೀಸ್ಟಿಗೆ ಹೊಟ್ಟೆ ತುಂಬ ತಿನ್ನಲು ಬಿಟ್ಟರೆ ಸಕ್ಕರೆ ಮುಗಿದು ಡ್ರೈ ವೈನ್ ಆಗುತ್ತದೆ. ಅದು ಅರ್ಧ ತಿಂದಿರುವಾಗಲೇ ಗಟ್ಟಿ ಸ್ಪಿರಿಟ್ ಸುರಿದರೆ? ಆಲ್ಕೋಹಾಲ್ ಶೇಕಡಾ 16-17 ದಾಟಿದ ಮೇಲೆ ಸಾಮಾನ್ಯ ಯೀಸ್ಟ್ ಬದುಕುವುದಿಲ್ಲ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ತಿನ್ನದೆ ಬಿಟ್ಟ ಸಕ್ಕರೆ ವೈನ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಪೋರ್ಟಿನ ಸಿಹಿ ಯಾರೋ ಮೇಲಿನಿಂದ ಹಾಕಿದ ಸಕ್ಕರೆಯದಲ್ಲ, ಹಣ್ಣಿನದೇ.

ಆಗಲೇ ಒಬ್ಬರು ಫ್ರಾನ್ಸಿನ ಸೊತೆರ್ನ್, ಹಂಗೇರಿಯ ತೊಕಾಯ್ ಯಾಕೆ ಇವತ್ತಿನ ಪಟ್ಟಿಯಲ್ಲಿಲ್ಲ ಅಂತ ಕೇಳಿದರು. ಅವೂ ಸಿಹಿ, ಅವೂ ದೊಡ್ಡ ವೈನ್‌ಗಳೇ. ಆದರೆ ಅಲ್ಲಿ ಬಳ್ಳಿಯಲ್ಲೇ ಹಣ್ಣಿಗೆ ಒಂದು ಬಗೆಯ ಬೂಷ್ಟು ಹಿಡಿದು, ನೀರಿನಂಶ ಆರಿ, ಸಕ್ಕರೆ ಗಟ್ಟಿಯಾಗುತ್ತದೆ. ಸ್ಪಿರಿಟ್ ಸೇರಿಸುವುದಿಲ್ಲ. ಅದಕ್ಕೆ ಬೇರೆ ದಿನ ಕೂರೋಣ.

ಈಗ ಪೋರ್ಟ್. ಉತ್ತರ ಪೋರ್ಚುಗಲ್‌ನ ಡೌರೋ ಕಣಿವೆ. ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲಿನ ಕಡಿದಾದ ಗುಡ್ಡಗಳು, ಅವನ್ನು ಒಡೆದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟಗಳು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ಬಳ್ಳಿಯ ಬೇರು ಕಲ್ಲಿನ ಬಿರುಕಿನಲ್ಲಿ ನೀರು ಹುಡುಕಿಕೊಂಡು ಕೆಳಗೆ ಕೆಳಗೆ ಹೋಗುತ್ತದೆ. ಟೂರಿಗಾ ನಾಸಿಯೊನಾಲ್, ಟೂರಿಗಾ ಫ್ರಾಂಕಾ, ಟಿಂಟಾ ರೋರಿಸ್ ಮುಂತಾದ ತಳಿಗಳು. ಟೂರಿಗಾ ನಾಸಿಯೊನಾಲ್ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಗರು ಜಾಸ್ತಿ.

ಈ ವೈನ್ ಹೆಸರಾದದ್ದರ ಹಿಂದೆ ಇಂಗ್ಲೆಂಡ್-ಫ್ರಾನ್ಸ್ ಜಗಳ ಇದೆ. ಇಬ್ಬರೂ ಹೊಡೆದಾಡಿದಾಗಲೆಲ್ಲ ಇಂಗ್ಲೆಂಡಿಗೆ ಫ್ರೆಂಚ್ ವೈನ್ ಕಷ್ಟವಾಗುತ್ತಿತ್ತು. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ವೈನ್ ಮೇಲಿನ ಸುಂಕ ಫ್ರೆಂಚ್ ವೈನ್‌ಗಿಂತ ಮೂರನೇ ಒಂದು ಭಾಗ ಕಡಿಮೆಯಾಯಿತು. ಅದಕ್ಕೆ ಬದಲಾಗಿ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಿತು. ಬೇಡಿಕೆ ಏರಿತು. ಬೇಡಿಕೆ ಏರಿದ ಮೇಲೆ ಕಲಬೆರಕೆ ಬಾರದೆ ಇರುತ್ತದಾ? ತೆಳು ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸಿ ಬಣ್ಣ ಕಟ್ಟತೊಡಗಿದರು. ಹೆಸರು ಕೆಟ್ಟಿತು, ಬೆಲೆ ಬಿತ್ತು. ಆಗ ಮುಂದೆ ಬಂದವನು ಪೊಂಬಾಲ್ ಮಾರ್ಕ್ವಿಸ್, ಪೋರ್ಚುಗಲ್ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದ ಮಂತ್ರಿ. 1756ರಲ್ಲಿ ಪೋರ್ಟ್ ದ್ರಾಕ್ಷಿ ಎಲ್ಲಿ ಬೆಳೆಯಬಹುದು ಅಂತ ಗಡಿ ಗುರುತಿಸಿ ಗ್ರಾನೈಟ್ ಕಂಬ ನೆಡಿಸಿದ. ಎಲ್ಡರ್‌ಬೆರಿ ಗಿಡಗಳನ್ನು ಕೀಳಿಸಿದ. ಆ ಕಂಬಗಳಲ್ಲಿ ಕೆಲವು ಇವತ್ತಿಗೂ ತೋಟಗಳ ನಡುವೆ ನಿಂತಿವೆ.

ಆರಂಭದಲ್ಲಿ ಬ್ರಾಂಡಿ ಸೇರಿಸುತ್ತಿದ್ದದ್ದು ಸಿಹಿ ಉಳಿಸಲು ಅಲ್ಲ, ಹಡಗಿನಲ್ಲಿ ವೈನ್ ಕೆಡದಿರಲಿ ಅಂತ. ಹುದುಗು ನಡೆಯುತ್ತಿರುವಾಗಲೇ ಸುರಿದು ನಿಲ್ಲಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು 19ನೇ ಶತಮಾನದಲ್ಲಿ. ಅದನ್ನು ಎಲ್ಲರೂ ಒಪ್ಪಲಿಲ್ಲ. ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಯಾಕೆಂದರೆ ಈ ಮನುಷ್ಯನ ಕತೆ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜೋಸೆಫ್ ಜೇಮ್ಸ್ ಫಾರೆಸ್ಟರ್ ಅಂತ ಒಬ್ಬ ಇಂಗ್ಲಿಷ್ ವ್ಯಾಪಾರಿ. ಡೌರೋ ನದಿಯ ನಕ್ಷೆಯನ್ನು ಕಲ್ಲು ಸುಳಿ ಸಮೇತ ಬರೆದವನು. ಅದಕ್ಕಾಗಿಯೇ ಪೋರ್ಚುಗಲ್ ಅವನನ್ನು ಬ್ಯಾರನ್ ಮಾಡಿತು. 1844ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಹೀಗೆ ಬ್ರಾಂಡಿ ಸುರಿದು ಒಳ್ಳೆಯ ವೈನ್ ಕೆಡಿಸುತ್ತಿದ್ದೀರಿ ಅಂತ ತನ್ನದೇ ವ್ಯಾಪಾರದ ಜನರ ಮೇಲೆ ಹರಿಹಾಯ್ದ. ಯಾರೂ ಕೇಳಲಿಲ್ಲ. 1861ರಲ್ಲಿ ತಾನೇ ನಕ್ಷೆ ಬರೆದ ಅದೇ ನದಿಯಲ್ಲಿ, ವಲೇರಾ ಅನ್ನೋ ಇಕ್ಕಟ್ಟಿನ ರಭಸದಲ್ಲಿ, ದೋಣಿ ಮಗುಚಿ ಮುಳುಗಿ ಸತ್ತ. ಸೊಂಟದ ಪಟ್ಟಿಯಲ್ಲಿದ್ದ ಚಿನ್ನದ ನಾಣ್ಯಗಳ ಭಾರ ಅವನನ್ನು ಕೆಳಗೆ ಎಳೆಯಿತಂತೆ. ಅದೇ ದೋಣಿಯಲ್ಲಿದ್ದ ದೋನಾ ಅಂತೋನಿಯಾ ಫೆರೇರಾ, ಡೌರೋದ ದೊಡ್ಡ ತೋಟಗಳ ಒಡತಿ, ತನ್ನ ಅಗಲವಾದ ಲಂಗ ಗಾಳಿ ತುಂಬಿ ತೇಲಿದ್ದರಿಂದ ಬದುಕಿದಳಂತೆ. ಈ ಎರಡೂ "ಅಂತೆ"ಗಳನ್ನು ಕತೆ ಅಂತಲೇ ಕೇಳಿ. ಆದರೆ ವೈನ್ ವಾದದಲ್ಲಿ ಫಾರೆಸ್ಟರ್ ಪೂರ್ತಿ ತಪ್ಪು ಅಂತ ನನಗೆ ಅನಿಸುವುದಿಲ್ಲ. ಇವತ್ತು ಅದೇ ಕಣಿವೆಯಿಂದ ಬ್ರಾಂಡಿ ಬೆರೆಸದ ಡ್ರೈ ಕೆಂಪು ವೈನ್ ಬರುತ್ತಿದೆ, ಬಹಳ ಚೆನ್ನಾಗಿಯೂ ಇದೆ.

ಮತ್ತೆ ತೊಟ್ಟಿಗೆ ಬರೋಣ. ಪೋರ್ಟ್ ಮಾಡುವವರಿಗೆ ಸಮಯವೇ ಇಲ್ಲ, ಅದು ಅವರ ದೊಡ್ಡ ತಲೆನೋವು. ಸಾಮಾನ್ಯ ಕೆಂಪು ವೈನ್ ಸಿಪ್ಪೆಯ ಜೊತೆ ವಾರ, ಎರಡು ವಾರ ಇರುತ್ತದೆ. ಪೋರ್ಟಿಗೆ ಸಿಗುವುದು ಎರಡು ಮೂರು ದಿನ, ಅಷ್ಟರಲ್ಲಿ ಸ್ಪಿರಿಟ್ ಸುರಿಯಬೇಕು. ಅಷ್ಟರೊಳಗೆ ಸಿಪ್ಪೆಯ ಬಣ್ಣ, ಒಗರು ಎಲ್ಲ ರಸಕ್ಕೆ ಇಳಿಯಬೇಕು. ಅದಕ್ಕೇ ಲಗಾರ್ ಅನ್ನೋ ಅಗಲವಾದ ಗ್ರಾನೈಟ್ ತೊಟ್ಟಿಯಲ್ಲಿ ಹಣ್ಣು ಹಾಕಿ ಕಾಲಿನಲ್ಲಿ ತುಳಿಯುತ್ತಾರೆ. ಮೊದಲು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಸಾಲಾಗಿ, ಎಣಿಕೆ ಹಾಕಿಕೊಂಡು ತುಳಿಯುವುದು, ಇದು ನಿಜವಾಗಿ ಬೇಸರದ ಕೆಲಸ. ಆಮೇಲೆ ಸಾಲು ಬಿಟ್ಟು, ಅಕಾರ್ಡಿಯನ್ ಬಾರಿಸಿಕೊಂಡು, ಕುಣಿಯುವುದು. ಮನುಷ್ಯನ ಪಾದ ಸಿಪ್ಪೆಯನ್ನು ಚೆನ್ನಾಗಿ ಅರೆಯುತ್ತದೆ, ಬೀಜ ಮಾತ್ರ ಒಡೆಯುವುದಿಲ್ಲ, ಹಾಗಾಗಿ ಕಹಿ ಇಳಿಯುವುದಿಲ್ಲ. ಈಗ ಬಹುಪಾಲು ಕೆಲಸ ಯಂತ್ರದ್ದೇ. ಕೆಲವು ಪೋರ್ಟ್ ಕಂಪನಿಗಳು ದುಬಾರಿ ವೈನಿಗೆ ಇನ್ನೂ ಕಾಲು ಬಳಸುತ್ತವೆ.

ಆಲ್ಕೋಹಾಲ್ ಶೇಕಡಾ 6-8 ಮುಟ್ಟಿದ ಹೊತ್ತಿಗೆ ರಸ ಬಸಿದು ಶೇಕಡಾ 77ರ ದ್ರಾಕ್ಷಿ ಸ್ಪಿರಿಟ್ ಬೆರೆಸುತ್ತಾರೆ. ಹಳೆಯ ಲೆಕ್ಕ ಹೀಗೆ: 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ಅಂದರೆ ನಿಮ್ಮ ಗ್ಲಾಸಿನ ಐದನೇ ಒಂದು ಭಾಗ ಆ ಸ್ಪಿರಿಟ್ಟೇ! ಅದು ಕಳಪೆಯಾದರೆ ಎಷ್ಟು ಒಳ್ಳೆಯ ಹಣ್ಣಿದ್ದರೂ ಗಂಟಲು ಉರಿಯುತ್ತದೆ. ಕೊನೆಗೆ ಆಲ್ಕೋಹಾಲ್ ಶೇಕಡಾ 19-22, ಸಕ್ಕರೆ ಲೀಟರಿಗೆ 100 ಗ್ರಾಂ ಆಚೀಚೆ.

ಈಗ ಎರಡನೇ ಪ್ರಶ್ನೆ. ಗಾಳಿಗೆ ಬಿಟ್ಟರಾ, ಮುಚ್ಚಿಟ್ಟರಾ?

ಮುಚ್ಚಿಟ್ಟ ಮನೆತನ ರೂಬಿಯದು. ದೊಡ್ಡ ತೊಟ್ಟಿಯಲ್ಲಿ ಗಾಳಿ ತಾಗದಂತೆ ಸ್ವಲ್ಪ ಕಾಲ ಇಟ್ಟು ಬಾಟಲಿಗೆ ತುಂಬುತ್ತಾರೆ. ಬಣ್ಣ ಕೆಂಪಗೇ ಇರುತ್ತದೆ, ಹಣ್ಣಿನ ರುಚಿ ಹಸಿಯಾಗಿರುತ್ತದೆ. ಈ ಮನೆತನದ ಹಿರಿಯಣ್ಣ ವಿಂಟೇಜ್ ಪೋರ್ಟ್. ಒಂದೇ ವರ್ಷದ ಒಳ್ಳೆಯ ಹಣ್ಣು, ಎರಡು ಮೂರು ವರ್ಷ ಮರದ ಪೀಪಾಯಿಯಲ್ಲಿಟ್ಟು ಸೋಸದೆ ಬಾಟಲಿಗೆ. ಆಮೇಲೆ ಬಾಟಲಿಯೊಳಗೇ ಇಪ್ಪತ್ತು, ಮೂವತ್ತು, ಐವತ್ತು ವರ್ಷ. ತಳದಲ್ಲಿ ಗಸಿ ನಿಲ್ಲುತ್ತದೆ, ಬಸಿದೇ ಕುಡಿಯಬೇಕು. ಇದನ್ನು ಪ್ರತಿ ವರ್ಷ ಮಾಡುವುದಿಲ್ಲ. ಹತ್ತು ವರ್ಷದಲ್ಲಿ ಮೂರು ನಾಲ್ಕು ಸಲ ಮಾತ್ರ ಹೆಚ್ಚಿನ ಕಂಪನಿಗಳು ಈ ವರ್ಷ ವಿಂಟೇಜ್ ಅಂತ ಸಾರುತ್ತವೆ. 2016 ಮತ್ತು 2017 ಹೀಗೆ ಬೆನ್ನುಬೆನ್ನಿಗೆ ಬಂದವು, ಅದು ಅಪರೂಪ. ಅಷ್ಟು ಕಾಯಲಾಗದವರಿಗೆ ಎಲ್‌ಬಿವಿ, ಅಂದರೆ ಲೇಟ್ ಬಾಟಲ್ಡ್ ವಿಂಟೇಜ್, ಇದೆ. ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲೇ ಹಣ್ಣಾಗಿ ಬರುತ್ತದೆ, ಕೊಂಡ ದಿನವೇ ತೆಗೆಯಬಹುದು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಗಾಳಿಗೆ ಬಿಟ್ಟ ಮನೆತನ ಟಾನಿಯದು. ಚಿಕ್ಕ ಪೀಪಾಯಿ, ಮರದ ಮೂಲಕ ಸದಾ ಸ್ವಲ್ಪ ಸ್ವಲ್ಪ ಗಾಳಿ. ವರ್ಷ ಕಳೆದಂತೆ ಕೆಂಪು ಇಳಿದು ಇಟ್ಟಿಗೆ ಬಣ್ಣ, ಆಮೇಲೆ ಕಂದು. ಹಣ್ಣು ಹಿಂದೆ ಸರಿದು ವಾಲ್‌ನಟ್, ಅಂಜೂರ, ಕಾಸಿದ ಸಕ್ಕರೆ ಮುಂದೆ ಬರುತ್ತದೆ. ಲೇಬಲ್ ಮೇಲೆ 10, 20, 30, 40 ಅಂತ ಇರುವುದು ಬೆರಕೆಯ ರುಚಿ ಎಷ್ಟು ವಯಸ್ಸಿನದು ಅನ್ನುವುದಕ್ಕೆ, ಒಳಗಿರುವ ಪ್ರತಿ ಹನಿಯ ವಯಸ್ಸು ಅದಲ್ಲ. ಒಂದೇ ವರ್ಷದ ಟಾನಿ ಬೇಕಿದ್ದರೆ ಕೊಲ್ಯೇಟ ಅಂತ ಇರುವುದನ್ನು ಹುಡುಕಿ, ಅದು ಕನಿಷ್ಠ 7 ವರ್ಷ ಮರದಲ್ಲಿರುತ್ತದೆ. ನನ್ನನ್ನು ಕೇಳಿದರೆ 20 ವರ್ಷದ ಟಾನಿಯೇ ಹದ. ನಲವತ್ತರದ್ದು ನೀರಂಶ ಆರಿ ಬಹಳ ಗಟ್ಟಿಯಾಗಿರುತ್ತದೆ, ಎರಡು ಗುಟುಕಿಗೆ ಸಾಕೆನಿಸುತ್ತದೆ.

ಈ ಪೀಪಾಯಿಗಳು ಹೆಚ್ಚಾಗಿ ಡೌರೋ ಕಣಿವೆಯ ಬಿಸಿಲಲ್ಲಿ ಇರುವುದಿಲ್ಲ. ಹಿಂದೆ ರಬೆಲೋ ಅನ್ನೋ ಚಪ್ಪಟೆ ತಳದ ದೋಣಿಗಳಲ್ಲಿ ನದಿಯ ಬಾಯಿಗೆ, ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ಡಿ ಗಾಯಕ್ಕೆ ತರುತ್ತಿದ್ದರು. ಸಮುದ್ರದ ತಂಪು, ತೇವ, ನಿಧಾನವಾಗಿ ಹಣ್ಣಾಗಲು ಹೇಳಿಮಾಡಿಸಿದ ಜಾಗ. ಈಗ ನದಿಗೆ ಅಣೆಕಟ್ಟುಗಳು ಬಂದಿವೆ, ವೈನ್ ಲಾರಿಯಲ್ಲಿ ಬರುತ್ತದೆ. ದೋಣಿಗಳು ಪ್ರವಾಸಿಗರ ಫೋಟೋಗೆ ನಿಂತಿವೆ.

ಒಂದು ಸಣ್ಣ ತಮಾಷೆ. ಇಂಗ್ಲಿಷರ ಊಟದ ಮೇಜಿನಲ್ಲಿ ಪೋರ್ಟನ್ನು ಎಡಕ್ಕೆ ಮಾತ್ರ ದಾಟಿಸಬೇಕು, ನಡುವೆ ಎಲ್ಲೂ ನಿಲ್ಲಬಾರದು. ಯಾರಾದರೂ ತಮ್ಮ ಮುಂದೆ ಇಟ್ಟುಕೊಂಡು ಮರೆತರೆ ನೇರವಾಗಿ ಕೇಳುವುದು ಅಸಭ್ಯ. "ನಾರಿಚ್‌ನ ಬಿಷಪ್ಪರು ಗೊತ್ತಾ ನಿಮಗೆ?" ಅಂತ ಕೇಳುತ್ತಾರೆ. ಗೊತ್ತಿದ್ದವರು ತಕ್ಷಣ ದಾಟಿಸುತ್ತಾರೆ. ಗೊತ್ತಿಲ್ಲ ಅಂದರೆ, "ಒಳ್ಳೆಯ ಮನುಷ್ಯ, ಆದರೆ ಪೋರ್ಟ್ ದಾಟಿಸುವುದನ್ನು ಮರೆಯುತ್ತಾರೆ" ಅಂತ ಮುಟ್ಟಿಸುತ್ತಾರೆ. ಇಷ್ಟು ಸುತ್ತು ಬಳಸುವ ಬದಲು ಕೈ ಚಾಚಿದರೆ ಆಗುತ್ತಿರಲಿಲ್ಲವಾ!

ಸ್ಪಿರಿಟ್ ಸುರಿದು ಹುದುಗು ನಿಲ್ಲಿಸುವುದನ್ನು ಪೋರ್ಚುಗಲ್‌ನವರು ಕಂಡುಹಿಡಿದರು ಅಂದುಕೊಳ್ಳಬೇಡಿ. ದಕ್ಷಿಣ ಫ್ರಾನ್ಸಿನ ರೂಸಿಯೋಂ ಸೀಮೆಯಲ್ಲಿ ಇದಕ್ಕೆ 13ನೇ ಶತಮಾನದ ಬೇರಿದೆ. ಮಾಂಪೆಲಿಯೆಯಲ್ಲಿ ಪಾಠ ಹೇಳುತ್ತಿದ್ದ ಅರ್ನೋ ದ ವಿಲ್ನೆವ್ ಅನ್ನೋ ವೈದ್ಯನ ಹೆಸರಿಗೆ ಈ ವಿದ್ಯೆಯನ್ನು ಕಟ್ಟುತ್ತಾರೆ. ಬನ್ಯೂಲ್ಸ್, ಮೋರಿ, ರಿವ್ಸಾಲ್ತ್ ಇಲ್ಲಿಯವು. ಶೇಕಡಾ 96ರ ಸ್ಪಿರಿಟ್ಟನ್ನು ರಸದ ಶೇಕಡಾ 5ರಿಂದ 10ರಷ್ಟು ಮಾತ್ರ ಹಾಕುತ್ತಾರೆ, ಹಾಗಾಗಿ ಪೋರ್ಟಿಗಿಂತ ಹಗುರ. ಕೆಲವರು ದೊಡ್ಡ ಗಾಜಿನ ಬುಡ್ಡಿಗಳಲ್ಲಿ ತುಂಬಿ ಅಂಗಳದ ಬಿಸಿಲಿಗೆ ಇಟ್ಟುಬಿಡುತ್ತಾರೆ, ಚಳಿ ಬಿಸಿಲು ಎಲ್ಲ ತಿಂದು ಅದು ಕಂದಾಗುತ್ತದೆ. ಚಾಕೊಲೇಟ್ ಜೊತೆ ವೈನ್ ಹೊಂದುವುದಿಲ್ಲ ಅನ್ನುವವರಿಗೆ ಒಂದು ಗ್ಲಾಸ್ ಬನ್ಯೂಲ್ಸ್ ಕೊಡಿ, ವಾದ ಮುಗಿಯುತ್ತದೆ. ಬಿಳಿ ಮಸ್ಕತ್ ದ್ರಾಕ್ಷಿಯವು ಬೇರೆ ಬಗೆ, ಬೋಮ್ ದ ವೆನಿಸ್ ಅಂಥವು. ಅವನ್ನು ಮುಚ್ಚಿಟ್ಟೇ ಮಾಡುತ್ತಾರೆ, ಹೂವಿನ ಪರಿಮಳ ಹೋಗಬಾರದಲ್ಲ. ಎಳೆಯದಿದ್ದಾಗಲೇ ತಣ್ಣಗೆ ಕುಡಿದು ಮುಗಿಸಿ.

ಶೆರ್ರಿಗೆ ಬಂದರೆ ಮೊದಲ ಪ್ರಶ್ನೆಯ ಉತ್ತರ ತಿರುವುಮುರುವು. ಸ್ಪೇನಿನ ದಕ್ಷಿಣ ತುದಿ, ಹೆರೆಸ್ ಊರು, ಬೆಳ್ಳಗಿನ ಸುಣ್ಣದ ಮಣ್ಣು, ಪಲೊಮಿನೊ ದ್ರಾಕ್ಷಿ. ಇಲ್ಲಿ ಹುದುಗು ಪೂರ್ತಿ ಮುಗಿದ ಮೇಲೆ ಸ್ಪಿರಿಟ್ ಹಾಕುತ್ತಾರೆ. ಅಂದರೆ ಶೆರ್ರಿ ಹುಟ್ಟಿನಲ್ಲೇ ಡ್ರೈ. ಶೇಕಡಾ 15ಕ್ಕೆ ನಿಲ್ಲಿಸಿದರೆ ಮೇಲೆ ಯೀಸ್ಟಿನ ಬಿಳಿ ಕೆನೆ ಕಟ್ಟಿ ಗಾಳಿ ತಡೆಯುತ್ತದೆ, ಅದು ಫಿನೊ. 17ಕ್ಕೆ ಏರಿಸಿದರೆ ಕೆನೆ ಸಾಯುತ್ತದೆ, ಗಾಳಿ ಒಳಗೆ ಬರುತ್ತದೆ, ಅದು ಒಲೊರೊಸೊ. ನೋಡಿ, ಎರಡೇ ಶೇಕಡಾ ವ್ಯತ್ಯಾಸ, ಎರಡನೇ ಪ್ರಶ್ನೆಯ ಉತ್ತರವೇ ಬದಲಾಯಿತು.

ಹಾಗಾದರೆ ಸಿಹಿ ಶೆರ್ರಿ? ಅದರ ಮೂಲ ಪೆಡ್ರೊ ಹಿಮೆನೆಸ್ ಅನ್ನೋ ದ್ರಾಕ್ಷಿ. ಕೊಯ್ದ ಹಣ್ಣನ್ನು ಚಾಪೆ ಹಾಸಿ ಬಿಸಿಲಲ್ಲಿ ಒಣಗಿಸುತ್ತಾರೆ. ಒಣದ್ರಾಕ್ಷಿಯಂತಾದ ಮೇಲೆ ಹಿಂಡಿದರೆ ಇಳಿಯುವ ರಸದಲ್ಲಿ ಯೀಸ್ಟಿಗೇ ಉಸಿರು ಕಟ್ಟುವಷ್ಟು ಸಕ್ಕರೆ. ಸ್ವಲ್ಪ ಹುದುಗು ಬಂದರೆ ಬಂತು, ಅಷ್ಟರಲ್ಲಿ ಸ್ಪಿರಿಟ್. ಕೊನೆಗೆ ಲೀಟರಿಗೆ 400 ಗ್ರಾಂ ಸಕ್ಕರೆ ದಾಟುವುದೂ ಉಂಟು. ಮಲೆನಾಡಿನವರು ಇದ್ದರೆ ಕೇಳಿ, ಗ್ಲಾಸ್ ಓರೆ ಮಾಡಿದರೆ ಇದು ಜೋನಿ ಬೆಲ್ಲದ ಹಾಗೆ ಗೋಡೆಗೆ ಅಂಟಿ ನಿಧಾನಕ್ಕೆ ಇಳಿಯುತ್ತದೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಸುಮ್ನೆ ಕುಡಿಯಲು ಬಹಳ ಜನರಿಗೆ ಭಾರವಾಗುತ್ತದೆ. ವೆನಿಲಾ ಐಸ್‌ಕ್ರೀಮ್ ಮೇಲೆ ಎರಡು ಚಮಚ ಹಾಕಿ. ಇದನ್ನೇ ಒಲೊರೊಸೊಗೆ ಬೆರೆಸಿದರೆ ಕ್ರೀಮ್ ಶೆರ್ರಿ. ಅದರಲ್ಲಿ ಹಾಲು, ಕೆನೆ ಏನೂ ಇಲ್ಲ, ಹೆದರಬೇಡಿ.

ಶೆರ್ರಿ ಬಾಟಲಿ ಮೇಲೆ ಸಾಮಾನ್ಯವಾಗಿ ವರ್ಷ ಇರುವುದಿಲ್ಲ. ಪೀಪಾಯಿಗಳು ವಯಸ್ಸಿನ ಪ್ರಕಾರ ಸಾಲಾಗಿರುತ್ತವೆ. ಹಳೆಯ ಸಾಲಿನಿಂದ ಸ್ವಲ್ಪ ತೆಗೆದು ಬಾಟಲಿಗೆ, ಆ ಜಾಗಕ್ಕೆ ಅದಕ್ಕಿಂತ ಎಳೆಯ ಸಾಲಿನಿಂದ, ಅದಕ್ಕೆ ಇನ್ನೂ ಎಳೆಯದರಿಂದ. ಯಾವ ಪೀಪಾಯಿಯೂ ಪೂರ್ತಿ ಖಾಲಿಯಾಗುವುದಿಲ್ಲ. ಇದೇ ಸೊಲೆರಾ ಪದ್ಧತಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ್ದು, ಮಡೀರಾ. ಇದರಲ್ಲಿ ನಮ್ಮ ಕಡೆಯ ಪಾಲೂ ಇದೆ. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ನಡುವೆ, ಪೋರ್ಚುಗಲ್‌ಗೆ ಸೇರಿದ ದ್ವೀಪ. ಅಮೆರಿಕಕ್ಕೆ ಹೋಗುವ ಹಡಗು, ಆಫ್ರಿಕಾ ಸುತ್ತಿ ಭಾರತಕ್ಕೆ ಬರುವ ಹಡಗು, ಎರಡೂ ಅಲ್ಲಿ ನಿಂತು ನೀರು, ದಿನಸಿ, ವೈನ್ ತುಂಬಿಕೊಳ್ಳುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೂ ಹಾಗೇ. ಮದ್ರಾಸ್, ಕಲ್ಕತ್ತಾದ ಕಂಪನಿ ಅಧಿಕಾರಿಗಳ ಮೇಜಿನ ಮೇಲೆ 18ನೇ ಶತಮಾನದಲ್ಲಿ ಮಡೀರಾ ಇದ್ದೇ ಇರುತ್ತಿತ್ತು, ಯಾಕೆಂದರೆ ನಮ್ಮ ಸೆಕೆಯಲ್ಲಿ ಬೇರೆ ವೈನ್ ಕೆಡುತ್ತಿತ್ತು, ಇದು ಕೆಡುತ್ತಿರಲಿಲ್ಲ. ಕೆಡುವುದಿರಲಿ, ಹಡಗಿನ ಒಡಲಿನ ಕಾವಿನಲ್ಲಿ ತಿಂಗಳುಗಟ್ಟಲೆ ಕುಲುಕಾಡಿ ಇನ್ನೂ ಚೆನ್ನಾಗುತ್ತಿತ್ತು! ಅದು ಗೊತ್ತಾದ ಮೇಲೆ ಬೇಕಂತಲೇ ಪೀಪಾಯಿಗಳನ್ನು ಭಾರತದವರೆಗೆ ಕಳಿಸಿ ವಾಪಸ್ ತರಿಸತೊಡಗಿದರು. ಹೀಗೆ ಹೋಗಿ ಬಂದ ವೈನಿಗೆ ಬೆಲೆ ಜಾಸ್ತಿ. ಶೆರ್ರಿಯನ್ನೂ ಹೀಗೆ ಕಳಿಸಿದ್ದುಂಟು. ಲುಸ್ಟಾವ್ ಅನ್ನೋ ಕಂಪನಿ ಇವತ್ತಿಗೂ ಈಸ್ಟ್ ಇಂಡಿಯಾ ಸೊಲೆರಾ ಅಂತ ಒಂದು ಸಿಹಿ ಶೆರ್ರಿ ಮಾರುತ್ತದೆ, ಹೆಸರಿನ ಹಿಂದೆ ಇರುವುದು ಇದೇ ಪ್ರಯಾಣ.

ಹಡಗಿನ ಖರ್ಚು ಯಾರು ಕೊಡುತ್ತಾರೆ? ಆಮೇಲೆ ಆ ಕಾವನ್ನು ದ್ವೀಪದಲ್ಲೇ ಕೊಡಲು ಶುರು ಮಾಡಿದರು. ಅಗ್ಗದ ಬಗೆಯನ್ನು ತೊಟ್ಟಿಯಲ್ಲಿ 45-50 ಡಿಗ್ರಿಗೆ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. ಒಳ್ಳೆಯದನ್ನು ಪೀಪಾಯಿಯಲ್ಲಿ ತುಂಬಿ ಅಟ್ಟಕ್ಕೆ ಏರಿಸುತ್ತಾರೆ. ಹೆಂಚಿನ ಕೆಳಗಿನ ಬಿಸಿಲ ಝಳದಲ್ಲಿ ವರ್ಷಗಟ್ಟಲೆ ಅಲ್ಲೇ. ಬೇರೆ ಎಲ್ಲ ಕಡೆ ವೈನ್ ಮಾಡುವವರು ಎರಡಕ್ಕೆ ಹೆದರುತ್ತಾರೆ, ಬಿಸಿ ಮತ್ತು ಗಾಳಿ. ಮಡೀರಾಕ್ಕೆ ಎರಡನ್ನೂ ಹೊಟ್ಟೆ ತುಂಬ ಕೊಟ್ಟಾಗಿದೆ. ಇನ್ನು ಅದಕ್ಕೆ ಕೆಡಲು ಉಳಿದಿರುವುದಾದರೂ ಏನು?

ದ್ರಾಕ್ಷಿಯ ಹೆಸರು ನೋಡಿದರೆ ಸಿಹಿಯ ಮಟ್ಟ ತಿಳಿಯುತ್ತದೆ. ಸೆರ್ಸಿಯಲ್ ಡ್ರೈ, ವೆರ್ಡೆಲ್ಯು ಅರೆ ಡ್ರೈ, ಬೋಲ್ ಸಿಹಿ, ಮಾಮ್‌ಸಿ ಎಲ್ಲಕ್ಕಿಂತ ಸಿಹಿ. ಊಟದ ಕೊನೆಗೆ ಬೋಲ್ ಅಥವಾ ಮಾಮ್‌ಸಿ ತೆಗೆದುಕೊಳ್ಳಿ. ಎಷ್ಟೇ ಸಿಹಿಯಿದ್ದರೂ ಇದರಲ್ಲಿ ಚುರುಕಾದ ಹುಳಿ ಇದೆ. ಹಾಗಾಗಿ ಬಾಯಿ ಕಟ್ಟುವುದಿಲ್ಲ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ಸಿಹಿ ವೈನ್ ಒಳ್ಳೆಯದಾ ಅಂತ ತೂಗುವಾಗ ನಾನು ಮೊದಲು ನೋಡುವುದು ಈ ಹುಳಿಯನ್ನೇ.

ಮಾರ್ಸಾಲಾ ಬಗ್ಗೆ ಚುಟುಕಾಗಿ. ಇಟಲಿಯ ಸಿಸಿಲಿ ದ್ವೀಪದ್ದು. ಜಾನ್ ವುಡ್‌ಹೌಸ್ ಅನ್ನೋ ಇಂಗ್ಲಿಷ್ ವ್ಯಾಪಾರಿ 1773ರಲ್ಲಿ ಅಲ್ಲಿನ ವೈನಿಗೆ ಸ್ಪಿರಿಟ್ ಬೆರೆಸಿ ಇಂಗ್ಲೆಂಡಿಗೆ ಕಳಿಸಿದ. 1800ರ ಹೊತ್ತಿಗೆ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್ ತನ್ನ ನೌಕಾಪಡೆಗೇ ತರಿಸಿಕೊಂಡ. ಲೇಬಲ್ ಮೇಲೆ ಸೆಕ್ಕೊ (ಡ್ರೈ), ಸೆಮಿಸೆಕ್ಕೊ (ಅರೆ ಡ್ರೈ), ದೋಲ್ಚೆ (ಸಿಹಿ) ಅಂತ ಇರುತ್ತದೆ, ದೋಲ್ಚೆ ಅಂದರೆ ಲೀಟರಿಗೆ 100 ಗ್ರಾಂ ಮೇಲೆ ಸಕ್ಕರೆ. ಇದರ ದುರದೃಷ್ಟ ಏನೆಂದರೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಸಾಸಿಗೆ, ತಿರಮಿಸುವಿಗೆ ಅಂತ ಅಗ್ಗದ ಮಾರ್ಸಾಲಾ ಕೊಂಡವರು ಅದೇ ಅದರ ರುಚಿ ಅಂದುಕೊಂಡರು. ವೆರ್ಜಿನೆ ಅಂತ ಇರುವುದು ಸಿಕ್ಕರೆ ಬಿಡಬೇಡಿ, ಅದು ಕನಿಷ್ಠ 5 ವರ್ಷ ಮರದಲ್ಲಿದ್ದದ್ದು. ಸಿಹಿಯಲ್ಲ, ಆದರೂ ಕುಡಿದು ನೋಡಿ.

ಕುಡಿಯುವ ರೀತಿ. ಇವು ಶೇಕಡಾ 15ರಿಂದ 22ರವರೆಗಿನವು, ಸಿಹಿ ಇರುವುದರಿಂದ ಅಮಲು ಏರುವುದು ಗೊತ್ತೇ ಆಗುವುದಿಲ್ಲ. ಒಂದು ಸಲಕ್ಕೆ 60-75 ಮಿಲಿ ಸಾಕು. ದೊಡ್ಡ ಗ್ಲಾಸಿನ ತಳದಲ್ಲಿ ಸ್ವಲ್ಪ ಹಾಕಿ, ಆ ಪುಟಾಣಿ ಲಿಕ್ಕರ್ ಗ್ಲಾಸು ಬೇಡ, ಅದರಲ್ಲಿ ಮೂಗಿಗೆ ಏನೂ ಸಿಗುವುದಿಲ್ಲ. ಪುಸ್ತಕಗಳಲ್ಲಿ ರೂಮಿನ ಉಷ್ಣಾಂಶ ಅಂತ ಬರೆದಿರುತ್ತದೆ. ಅದು ಚಳಿದೇಶದ ರೂಮು ಕಣ್ರೀ, ನಮ್ಮ ಏಪ್ರಿಲ್ ತಿಂಗಳ ರೂಮಲ್ಲ. ಟಾನಿಯನ್ನು ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಸ್ಪಿರಿಟ್ಟೇ ಮೂಗಿಗೆ ಹೊಡೆಯುತ್ತದೆ. ತಿನ್ನಲು, ರೂಬಿ ಮತ್ತು ವಿಂಟೇಜ್ ಜೊತೆ ಉಪ್ಪುಪ್ಪಾದ ನೀಲಿ ಚೀಸ್. ಟಾನಿ ಜೊತೆ ಹುರಿದ ಬಾದಾಮಿ. ನಮ್ಮ ಸಿಹಿಗಳ ವಿಷಯಕ್ಕೆ ಬಂದರೆ ಮಾಮ್‌ಸಿ ಜೊತೆ ಕಾಯಿ ಹೋಳಿಗೆ ನನಗೆ ಹಿಡಿಸುತ್ತದೆ. ಗುಲಾಬ್ ಜಾಮೂನ್ ಜೊತೆ ಯಾವುದೂ ನಿಲ್ಲುವುದಿಲ್ಲ. ತಿಂಡಿ ವೈನಿಗಿಂತ ಸಿಹಿಯಾದರೆ ವೈನ್ ಸಪ್ಪೆಯಾಗುತ್ತದೆ.

ತೆರೆದ ಬಾಟಲಿ ಎಷ್ಟು ದಿನ ಇಡಬಹುದು ಅಂತ ಚೀಟಿ ಕಳಿಸಿದ್ದೀರಿ. ಎರಡನೇ ಪ್ರಶ್ನೆ ಕೇಳಿದರೆ ನೀವೇ ಉತ್ತರ ಹೇಳಬಹುದು. ಗಾಳಿಯನ್ನೇ ನೋಡದ ವಿಂಟೇಜ್ ಎರಡು ಮೂರು ದಿನ. ರೂಬಿ ಒಂದೆರಡು ವಾರ. ಗಾಳಿಗೆ ಪಳಗಿದ ಟಾನಿ ಫ್ರಿಜ್ಜಿನಲ್ಲಿ ಒಂದು ತಿಂಗಳು. ಮಡೀರಾ ತಿಂಗಳುಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ.

ಇನ್ನೊಬ್ಬರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದಾರೆ. ಹೊರದೇಶಕ್ಕೆ ಹೋಗಿಬರುವವರಿಗೆ ಹೇಳಿ 10 ವರ್ಷದ ಟಾನಿ ತರಿಸಿ, ಸೀದಾ ಗುಣದ್ದು, ನಮ್ಮ ಹವೆಗೂ ಹೊಂದುತ್ತದೆ. ಎರಡನೆಯದಾಗಿ ಬೋಲ್ ಮಡೀರಾ, ಐದು ವರ್ಷದ್ದಾದರೂ ಸರಿ. ವಿಂಟೇಜ್ ಪೋರ್ಟನ್ನು ಮೊದಲೇ ಕೊಂಡು ಬೆಂಗಳೂರಿನ ಬೇಸಿಗೆಯಲ್ಲಿ ಕಪಾಟಿನಲ್ಲಿ ಇಪ್ಪತ್ತು ವರ್ಷ ಇಡುತ್ತೇನೆ ಅಂತ ಹೊರಡಬೇಡಿ. ಅದನ್ನು ಯಾರಾದರೂ ತಂದುಕೊಟ್ಟರೆ ಏಳೆಂಟು ಜನ ಸೇರುವ ದಿನ ನೋಡಿ ತೆಗೆಯಿರಿ, ಅದೇ ರಾತ್ರಿ ಮುಗಿಯಬೇಕು.